ಪಾಸ್ಟರ್ ಹೇಳದ ಮನೆಗಳು

ನೋಟಿಸಿನ ಎರಡನೇ ಪುಟದಲ್ಲಿ ನನ್ನದೇ ವಾಕ್ಯವಿತ್ತು. "ಪಾಸ್ಟರ್ ಅವರು ಸೋಮವಾರದಿಂದ ಶುಕ್ರವಾರದವರೆಗೆ, ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ, ಚರ್ಚಿನ ಕಚೇರಿಯಲ್ಲಿ ಕೆಲಸ ಮಾಡುತ್ತಾರೆ." ವಲಸೆ ಇಲಾಖೆಯವರು ಅದನ್ನು ಹಾಗೆಯೇ ಎತ್ತಿ ಬರೆದು, ಅದರ ಕೆಳಗೆ ತಮ್ಮ ಅಧಿಕಾರಿ ಕಂಡದ್ದನ್ನು ಸೇರಿಸಿದ್ದರು. ಮೊದಲ ಸಲ ಹೋದಾಗ ಬಾಗಿಲಿಗೆ ಬೀಗ. ಎರಡನೇ ಸಲ ಹೋದಾಗ ಒಬ್ಬ ವಯಸ್ಸಾದ ಹೆಂಗಸು ನೆಲ ಗುಡಿಸುತ್ತಿದ್ದರು. ಪಾಸ್ಟರ್ ಎಲ್ಲಿ ಎಂದು ಕೇಳಿದ್ದಕ್ಕೆ ಭಾನುವಾರ ಬಿಟ್ಟರೆ ಅವರು ಇಲ್ಲಿಗೆ ಬರುವುದಿಲ್ಲ ಎಂದರು. ಆ ಹೆಂಗಸು ಬೇರೆ ಯಾರೂ ಅಲ್ಲ, ನನ್ನ ವಾಕ್ಯದ ಕೆಳಗೆ ಸಹಿ ಹಾಕಿದ್ದ ಚರ್ಚಿನ ಅಧ್ಯಕ್ಷೆ. ಪಾಸ್ಟರನ್ನು ಈ ದೇಶದಲ್ಲೇ ಉಳಿಸಿಕೊಳ್ಳಲು ಚರ್ಚು ಹಾಕಿದ್ದ ಅರ್ಜಿಯನ್ನು ನಿರಾಕರಿಸುವ ಉದ್ದೇಶವಿದೆ, ಮೂವತ್ತು ದಿನದೊಳಗೆ ಉತ್ತರ ಕೊಡಿ ಎಂದು ಕೊನೆಯಲ್ಲಿತ್ತು.

ನಾನು ಸ್ಯಾನ್ ಡಿಯೇಗೋದ ಕರ್ನಿ ಮೆಸಾದಲ್ಲಿ ಒಬ್ಬ ವಕೀಲರ ಆಫೀಸಿನಲ್ಲಿ ವಲಸೆಯ ಕಾಗದಪತ್ರ ತಯಾರಿಸುವವಳು. ವಕೀಲರು ಮಂಗಳೂರಿನ ಕಡೆಯವರು, ನಾನು ಮೈಸೂರಿನವಳು. ಆಫೀಸಿನಲ್ಲಿ ಇರುವುದೇ ನಾವಿಬ್ಬರು. ನಮ್ಮಲ್ಲಿಗೆ ಬರುವವರು ಹೆಚ್ಚಾಗಿ ಮೀರಾ ಮೆಸಾದ ಸಾಫ್ಟ್‌ವೇರ್ ಎಂಜಿನಿಯರುಗಳು. ಅವರ ಕೆಲಸಕ್ಕೆ ಜಾಗ, ವೇಳೆ, ಹುದ್ದೆ ಎಲ್ಲವೂ ಗೊತ್ತಾಗಿರುತ್ತದೆ. ಹಳೆಯ ಪತ್ರದಲ್ಲಿ ಹೆಸರು ಬದಲಾಯಿಸಿದರೆ ಹೊಸ ಪತ್ರ ತಯಾರು. ಪಾಸ್ಟರ್ ಬಂದಾಗಲೂ ನಾನು ಅದನ್ನೇ ಮಾಡಿದ್ದೆ.

ಪಾಸ್ಟರ್ ಕೀನ್ಯಾದವರು. ಅವರ ಚರ್ಚಿನ ಸಭೆಗೆ ಸೇರಿದವರೆಲ್ಲ ಸ್ವಾಹಿಲಿ ಮಾತಾಡುವ ಕೀನ್ಯಾದವರು ಮತ್ತು ಕಾಂಗೋದವರು. ಸ್ಯಾನ್ ಡಿಯೇಗೋದಲ್ಲಿ ಒಂದು ಸಭೆ, ಎರಡು ಗಂಟೆ ದಾರಿಯ ಆಚೆ, ಲಾಸ್ ಏಂಜಲೀಸ್ ಬಳಿಯ ವೆಸ್ಟ್ ಕೊವಿನಾದಲ್ಲಿ ಇನ್ನೊಂದು. ಎರಡಕ್ಕೂ ಒಬ್ಬರೇ ಪಾಸ್ಟರ್. ಅವರ ವೀಸಾ ಮುಗಿಯಲು ಕೆಲವೇ ತಿಂಗಳಿತ್ತು. ಈ ಅರ್ಜಿ ಬಿದ್ದರೆ ಹೆಂಡತಿ, ಇಬ್ಬರು ಹೆಣ್ಣುಮಕ್ಕಳ ಜೊತೆ ದೇಶ ಬಿಟ್ಟು ಹೊರಡಬೇಕು.

ನೋಟಿಸ್ ಓದಿ ಮುಗಿಸಿದ ಮೇಲೆ ನನಗೆ ನೆನಪಾದದ್ದು ಸಹಿ ಹಾಕಿದ ದಿನ. ಕೋವಿಡ್‌ನ ಮೊದಲ ವರ್ಷ. ಅಧ್ಯಕ್ಷೆ ವೃದ್ಧರ ಆರೈಕೆ ಮನೆಯಲ್ಲಿ ರಾತ್ರಿ ಪಾಳಿ ಮುಗಿಸಿ, ಮುಖಕ್ಕೆ ಎರಡು ಮಾಸ್ಕ್ ಕಟ್ಟಿಕೊಂಡು ಒಬ್ಬರೇ ಬಂದಿದ್ದರು. ಆ ವಾಕ್ಯದ ಮೇಲೆ ಬೆರಳಿಟ್ಟು, "ಅವರಿಗೆ ಕಚೇರಿ ಎಲ್ಲಿದೆ ಮಗಳೇ?" ಎಂದು ಕೇಳಿದ್ದರು. (ಅವರಾಗಲಿ ಪಾಸ್ಟರ್ ಆಗಲಿ ನನ್ನೊಡನೆ ಮಾತಾಡಿದ್ದು ಇಂಗ್ಲಿಷಿನಲ್ಲಿ. ನನಗೆ ಕೇಳಿಸಿದ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.) ನಾನು, "ಅದು ಫಾರ್ಮ್ಯಾಟ್ ಅಮ್ಮಾ. ಎಲ್ರಿಗೂ ಹೀಗೇ ಬರೀತೀವಿ. ಇಲ್ಲಿ ಸೈನ್ ಮಾಡಿ" ಎಂದಿದ್ದೆ. ಅವರು ನನ್ನ ಮುಖ ನೋಡಿ ಸಹಿ ಮಾಡಿದರು. ಈಗ ನಿಜ ಹೇಳಿದವರು ಸುಳ್ಳುಗಾರರಾಗಿದ್ದರು, ಸುಳ್ಳು ಬರೆದವಳು ಏಸಿಯಲ್ಲಿ ಕೂತಿದ್ದೆ.

ವಕೀಲರು ನೋಟಿಸ್ ಓದಿ ಕನ್ನಡಕ ತೆಗೆದರು.

"ಎಂತ ಮಾರಾಯ್ರೆ ಇದು? ಆ ಅಮ್ಮ ಹಾಗೆ ಯಾಕೆ ಹೇಳ್ಲಿಕ್ಕೆ ಹೋದ್ರು?"

"ನಿಜ ಹೇಳಿದಾರೆ ಸರ್."

"ನಿಜ ಹೇಳುವುದು ಒಳ್ಳೆಯದೇ. ಆದ್ರೆ ಈಗ ಅದನ್ನು ಕಟ್ಟಿಕೊಂಡು ನಾವು ಎಂತ ಮಾಡುವುದು? ಅವರ ಕ್ಯಾಲೆಂಡರ್ ತರಿಸಿ. ಯಾವ ದಿನ ಎಲ್ಲಿಗೆ ಹೋದ್ರು, ಯಾರನ್ನು ನೋಡಿದ್ರು, ಎಲ್ಲ ಪಟ್ಟಿ ಮಾಡಿ. ಪೂರ್ತಿ ವೇಳೆ ಕೆಲಸ ಮಾಡ್ತಾರೆ ಅಂತ ತೋರಿಸಿದ್ರೆ ಆಯ್ತು."

ಸುಲಭದ ಮಾತು. ಪಾಸ್ಟರನ್ನು ಕರೆಸಿ ಕ್ಯಾಲೆಂಡರ್ ಕೇಳಿದೆ. ಇಲ್ಲ ಎಂದರು. ಡೈರಿ? ಇಲ್ಲ. ಹೋಗಲಿ, ಕಳೆದ ಮೂರು ತಿಂಗಳು ಯಾರ ಯಾರ ಮನೆಗೆ ಹೋಗಿದ್ದಿರಿ ಎಂದು ನೆನಪು ಮಾಡಿಕೊಂಡು ಹೇಳಿ, ನಾನೇ ಬರೆದುಕೊಳ್ಳುತ್ತೇನೆ ಎಂದೆ. ಪೆನ್ನಿನ ಮುಚ್ಚಳ ತೆಗೆದು ಕೂತೆ.

"ನೆನಪಿದೆ ಸಿಸ್ಟರ್. ಆದರೆ ಹೇಳಲ್ಲ" ಎಂದರು.

"ಯಾಕೆ?"

"ಪಾಸ್ಟರ್ ಮನೆಗೆ ಬಂದ ಅಂದ್ರೆ ಆ ಮನೇಲಿ ಏನೋ ಆಗಿದೆ ಅಂತ ಅರ್ಥ. ಯಾರ ಮನೇಲಿ ಕೂತಿದ್ದೆ ಅಂತ ಹೇಳಿಕೊಂಡು ತಿರುಗೋನಿಗೆ ಮುಂದಿನ ಸಲ ಯಾರೂ ಬಾಗಿಲು ತೆಗೆಯಲ್ಲ."

"ನೀವು ಹೇಳ್ತಿರೋದು ಊರಿಗಲ್ಲ, ಸರ್ಕಾರಕ್ಕೆ."

"ನಮ್ಮ ಜನ ಸರ್ಕಾರದಿಂದ ತಪ್ಪಿಸಿಕೊಂಡೇ ಇಲ್ಲಿಗೆ ಬಂದಿರೋದು" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಮೂವತ್ತು ದಿನದಲ್ಲಿ ಐದು ದಿನ ಅಂಚೆಯಲ್ಲೇ ಹೋಗಿತ್ತು.

ಅವರು ಹೇಳದಿದ್ದರೆ ನಾನೇ ನೋಡುತ್ತೇನೆ ಎಂದು ಹಟ ಹಿಡಿದೆ. ವಕೀಲರ ಒಪ್ಪಿಗೆ ತೆಗೆದುಕೊಂಡು ಎರಡು ದಿನ ನನ್ನ ಕಾರಿನಲ್ಲಿ ಅವರ ವ್ಯಾನಿನ ಹಿಂದೆ ಹೋದೆ. ಬೆಳಗ್ಗೆ ಏಳಕ್ಕೇ ಮೀರಾ ಮೆಸಾದ ಒಂದು ಅಪಾರ್ಟ್‌ಮೆಂಟ್. ಅಲ್ಲಿಂದ ಆಸ್ಪತ್ರೆ, ಕೋವಿಡ್ ಆದ್ದರಿಂದ ಒಳಗೆ ಬಿಡುವುದಿಲ್ಲ, ಕಿಟಕಿಯ ಕೆಳಗೆ ನಿಂತು ಫೋನಿನಲ್ಲಿ ಪ್ರಾರ್ಥನೆ. ಮಧ್ಯಾಹ್ನ ಹದಿನೈದನೇ ಫ್ರೀವೇ ಹಿಡಿದು ವೆಸ್ಟ್ ಕೊವಿನಾ. ಅಲ್ಲಿ ನಾಲ್ಕು ಮನೆ. ಪ್ರತಿ ಮನೆಯಲ್ಲೂ ಚಹಾ ಕುಡಿಯದೆ ಬಿಡುವುದಿಲ್ಲ, ಆದ್ದರಿಂದ ಪ್ರತಿ ಮನೆಗೂ ಒಂದು ಗಂಟೆ. ನಾನು ಪಾರ್ಕಿಂಗ್ ಲಾಟಿನಲ್ಲಿ ಕೂತು ಬರೆದುಕೊಂಡದ್ದು ಇಷ್ಟು: ಇಷ್ಟು ಗಂಟೆಗೆ ಒಳಗೆ ಹೋದರು, ಇಷ್ಟು ಗಂಟೆಗೆ ಹೊರಗೆ ಬಂದರು. ಒಳಗೆ ಮಾಡಿದ್ದು ಪಾಸ್ಟರ್ ಕೆಲಸವೋ ಬರೀ ಚಹಾ ಸೇವನೆಯೋ ಎಂದು ಅಧಿಕಾರಿ ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಅದು ರಂಜಾನ್ ತಿಂಗಳು. ಉಪವಾಸದಲ್ಲಿ, ಬಿಸಿಲಿಗೆ ಕುದಿಯುವ ಕಾರಿನಲ್ಲಿ ಕೂತು, ಇನ್ನೊಬ್ಬರು ಚಹಾ ಕುಡಿಯುವ ಹೊತ್ತನ್ನು ಬರೆದುಕೊಳ್ಳುವ ಕೆಲಸ. ನನಗೆ ನನ್ನ ಮೇಲೇ ಸಿಟ್ಟು ಬಂತು.

ಆಮೇಲೆ ಪತ್ರಗಳ ದಾರಿ ಹಿಡಿದೆ. ಪಾಸ್ಟರ್ ನಿಮಗಾಗಿ ಏನು ಮಾಡಿದರು ಎಂದು ಪ್ರತಿಯೊಬ್ಬರೂ ನಿಮ್ಮ ಮಾತಿನಲ್ಲಿ ಬರೆದು ಕೊಡಿ ಎಂದು ಅಧ್ಯಕ್ಷೆಗೆ ಹೇಳಿಕಳಿಸಿದೆ. ನಾಲ್ಕನೇ ದಿನಕ್ಕೆ ಒಂದು ದಪ್ಪ ಲಕೋಟೆ ಬಂತು. ಮೂವತ್ತೆರಡು ಪತ್ರ. ಸಂತೋಷದಿಂದ ಒಡೆದೆ. ಮೊದಲ ಪತ್ರ: "ನಮ್ಮ ಪಾಸ್ಟರ್ ದೇವರ ಮನುಷ್ಯ. ಅವರು ಹಗಲಿರುಳು ನಮಗಾಗಿ ದುಡಿಯುತ್ತಾರೆ. ಅವರು ನಮಗೆ ದೊಡ್ಡ ಆಶೀರ್ವಾದ." ಎರಡನೇ ಪತ್ರವೂ ಅದೇ. ಮೂರನೆಯದೂ ಅದೇ. ಮೂವತ್ತೆರಡರಲ್ಲೂ ಅಕ್ಷರಶಃ ಅದೇ ಮೂರು ವಾಕ್ಯ, ಕೆಳಗೆ ಬೇರೆ ಬೇರೆ ಸಹಿ. ಮಂತ್ರಕ್ಕಿಂತ ಉಗುಳೇ ಜಾಸ್ತಿ ಎನ್ನುತ್ತಾರಲ್ಲ, ಹಾಗೆ. ಒಂದು ದಿನಾಂಕವಿಲ್ಲ, ಒಂದು ಘಟನೆಯಿಲ್ಲ. ಇದನ್ನು ಕಳಿಸಿದರೆ ನಾವೇ ಕೂತು ಟೈಪ್ ಮಾಡಿ ಸಹಿ ಹಾಕಿಸಿದ್ದೇವೆ ಎಂದು ಯಾರಾದರೂ ಹೇಳುತ್ತಾರೆ.

ಫೋನ್ ಮಾಡಿ ಅಧ್ಯಕ್ಷೆಯನ್ನು ಕೇಳಿದೆ. ಅವರಿಗೆ ನನ್ನ ಸಿಟ್ಟೇ ಅರ್ಥವಾಗಲಿಲ್ಲ.

"ಕಮಿಟಿಯವರೆಲ್ಲ ಕೂತು ಮಾತು ಗೊತ್ತು ಮಾಡಿದ್ವಿ ಮಗಳೇ. ಎಲ್ಲರೂ ಒಪ್ಪಿದ ಮೇಲೆ ಎಲ್ಲರೂ ಅದನ್ನೇ ಬರೆದ್ರು. ಒಬ್ಬೊಬ್ಬರು ಒಂದೊಂದು ಬರೆದ್ರೆ ನಮ್ಮಲ್ಲಿ ಒಗ್ಗಟ್ಟಿಲ್ಲ ಅಂತ ಅಂದುಕೊಳ್ಳಲ್ವಾ ಅವರು?"

"ನಮಗೆ ಒಗ್ಗಟ್ಟು ಬೇಡ ಅಮ್ಮಾ, ಸಾಕ್ಷಿ ಬೇಕು!"

"ಆವತ್ತು ನಾನು ಒಬ್ಬಳೇ ಬಂದು ಸಹಿ ಹಾಕಿದ್ದಕ್ಕೆ ಕಮಿಟಿಯವರು ನನ್ನನ್ನು ಬೈದರು. ಇನ್ನು ಮೇಲೆ ಯಾವ ಕಾಗದ ಆದ್ರೂ ಎಲ್ಲರೂ ಸೇರಿನೇ ನೋಡೋದು ಅಂತ ತೀರ್ಮಾನ ಆಗಿದೆ" ಎಂದರು. ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಮೂವತ್ತೆರಡು ಕಾಗದ ಎದುರಿಗಿಟ್ಟುಕೊಂಡು ಹಲ್ಲು ಕಡಿಯುತ್ತಿದ್ದೆ.

ಹದಿನಾಲ್ಕು ದಿನ ಉಳಿದಿತ್ತು. ವಕೀಲರು ಬೇರೆ ದಾರಿ ಹುಡುಕಿದ್ದರು.

"ಕೋವಿಡ್ ಇತ್ತಲ್ಲ? ಅದಕ್ಕೆ ಕಚೇರಿ ತಾತ್ಕಾಲಿಕವಾಗಿ ಮುಚ್ಚಿತ್ತು ಅಂತ ಬರೆಯುವಾ. ಸುಳ್ಳಲ್ಲ. ಎಲ್ಲರ ಕಚೇರಿಯೂ ಮುಚ್ಚಿತ್ತು."

ಕಂಪ್ಯೂಟರಿನ ಮುಂದೆ ಕೂತು ಬರೆಯಲು ಶುರು ಮಾಡಿದೆ. ಅರ್ಧ ಪುಟ ಬರೆದೆ. ತಾತ್ಕಾಲಿಕವಾಗಿ ಮುಚ್ಚಲು ಅಲ್ಲಿ ಕಚೇರಿ ಇರಬೇಕಲ್ಲ? ಕರ್ನಿ ಮೆಸಾದ ಕಾರ್ ಶೋರೂಮುಗಳ ಹಿಂದಿನ ಆ ಬಾಡಿಗೆ ಹಾಲನ್ನು ನಾನು ನೋಡಿದ್ದೆ. ಕಚೇರಿ ಎನ್ನಬಹುದಾದ ಒಂದೇ ಕೋಣೆಯಲ್ಲಿ ಡ್ರಮ್ಮುಗಳು, ಗಾಯನ ತಂಡದ ನಿಲುವಂಗಿಗಳು, ಕಾಲು ಮುರಿದ ಕುರ್ಚಿಗಳು ತುಂಬಿದ್ದವು. ಒಂದು ಸುಳ್ಳಿನ ಮೇಲೆ ಇನ್ನೊಂದನ್ನು ಪೇರಿಸಿ, ಅದರ ಕೆಳಗೂ ಆ ಮುದುಕಿಯ ಸಹಿಯನ್ನೇ ಹಾಕಿಸಬೇಕಿತ್ತು. ನನಗೆ ನಾಚಿಕೆಯಾಯಿತು. ಬರೆದದ್ದನ್ನು ಅಳಿಸಿ, ನನ್ನದೇ ಹೆಸರಿನಲ್ಲಿ ಹೇಳಿಕೆ ಬರೆದೆ: ಆ ವಾಕ್ಯ ನನ್ನದು. ಪಾಸ್ಟರ್ ಅವರ ಕೆಲಸ ಹೇಗೆ ನಡೆಯುತ್ತದೆ ಎಂದು ವಿಚಾರಿಸದೆ, ಬೇರೆ ಅರ್ಜಿಯಿಂದ ತೆಗೆದುಕೊಂಡೆ. ಸಹಿ ಹಾಕುವ ಮುನ್ನ ಅಧ್ಯಕ್ಷೆ ಅದನ್ನು ಪ್ರಶ್ನಿಸಿದರು, ನಾನು ಅವರ ಮಾತನ್ನು ತಳ್ಳಿಹಾಕಿದೆ.

ವಕೀಲರು ಓದಿದರು. ಮುಖ ಕೆಂಪಾಯಿತು.

"ನಿಮಗೆ ತಲೆ ಸಮ ಉಂಟಾ? ಇದು ಹೋದ್ರೆ ನನ್ನ ಲೈಸೆನ್ಸಿಗೆ ಬರ್ತದೆ. ನಾನಲ್ವಾ ಅದನ್ನು ಓದಿ ಕಳಿಸಿದ್ದು?"

"ಹೌದು ಸರ್. ನೀವೂ ಓದಿರ್ಲಿಲ್ಲ."

ಹೇಳಬಾರದಿತ್ತು, ಹೇಳಿಬಿಟ್ಟೆ. ಕೆಲಸ ಹೋಯಿತು ಎಂದೇ ಅಂದುಕೊಂಡೆ. ಮರುದಿನ ಬೆಳಗ್ಗೆ ನನ್ನ ಮೇಜಿನ ಮೇಲೆ ನನ್ನ ಹೇಳಿಕೆ ತಿದ್ದಿಸಿಕೊಂಡು ಕೂತಿತ್ತು, ಅದರ ಜೊತೆ ಅವರದೇ ಒಂದು ಹೇಳಿಕೆ: ಪತ್ರವನ್ನು ಪರಿಶೀಲಿಸುವ ಹೊಣೆ ನನ್ನದಾಗಿತ್ತು, ಮಾಡಲಿಲ್ಲ. "ಸಾಕ್ಷಿ ಇಲ್ಲದೆ ಇದನ್ನು ಮಾತ್ರ ಕಳಿಸಿದ್ರೆ ಇಬ್ಬರೂ ಮುಳುಗ್ತೇವೆ, ಗೊತ್ತುಂಟಲ್ಲ?" ಎಂದಷ್ಟೇ ಹೇಳಿದರು.

ಸಾಕ್ಷಿಗಾಗಿ, ಅಧ್ಯಕ್ಷೆಗೆ ಮೊದಲೇ ಹೇಳಿ, ಭಾನುವಾರ ನಾನೇ ಚರ್ಚಿಗೆ ಹೋದೆ. ಆಗ ಅವರ ಪ್ರಾರ್ಥನೆ ನಡೆಯುತ್ತಿದ್ದದ್ದು ಹಾಲಿನ ಹೊರಗೆ, ಪಾರ್ಕಿಂಗ್ ಲಾಟಿನಲ್ಲಿ, ಬಿಳಿ ಟೆಂಟಿನ ಕೆಳಗೆ. ವೆಸ್ಟ್ ಕೊವಿನಾದವರನ್ನೂ ಆ ದಿನ ಅಲ್ಲಿಗೇ ಕರೆಸಿದ್ದರು. ಪ್ರಾರ್ಥನೆ ಮುಗಿದ ಮೇಲೆ ಅಧ್ಯಕ್ಷೆ ಮೈಕ್ ಹಿಡಿದು ಸ್ವಾಹಿಲಿಯಲ್ಲಿ ಮಾತಾಡಿ, ನನ್ನ ಕಡೆಗೆ ತಿರುಗಿ ಅರ್ಥ ಹೇಳಿದರು. "ಪಾಸ್ಟರ್ ಬಾಯಿ ಬಿಡಲ್ಲ, ಅದು ಅವರ ಧರ್ಮ. ಆದರೆ ಮನೆ ನಿಮ್ಮದು, ಮಾತು ನಿಮ್ಮದು. ಹೇಳಬೇಕು ಅನಿಸಿದವರು ಈ ಮಗಳ ಹತ್ತಿರ ಬಂದು ಹೇಳಿ, ಅಂದೆ."

ಮಡಿಚುವ ಮೇಜು, ಲ್ಯಾಪ್‌ಟಾಪ್, ಪೋರ್ಟಬಲ್ ಪ್ರಿಂಟರ್ ಇಟ್ಟುಕೊಂಡು ಕೂತೆ. ಪಾಸ್ಟರ್ ಎದ್ದು ಲಾಟಿನ ಕೊನೆಯವರೆಗೆ ನಡೆದು, ಬೇಲಿಯ ಕಡೆ ಮುಖ ಮಾಡಿ ನಿಂತರು. ಯಾರು ಬಂದರು ಎಂದು ತಾನು ನೋಡಬಾರದು ಎಂದು. ಸ್ವಲ್ಪ ಹೊತ್ತು ಯಾರೂ ಬರಲಿಲ್ಲ. ಯಾರೋ ನನಗೆ ಚಹಾ ತಂದರು. "ಅವಳಿಗೆ ಉಪವಾಸ, ಕಾಡಬೇಡಿ" ಎಂದು ಅಧ್ಯಕ್ಷೆಯೇ ಅವರನ್ನು ವಾಪಸ್ ಕಳಿಸಿದರು. ಆಮೇಲೆ ಒಬ್ಬರು ಬಂದರು, ಅವರ ಹಿಂದೆ ಇನ್ನೊಬ್ಬರು. ಗಂಡ ಕೋವಿಡ್‌ನಲ್ಲಿ ತೀರಿಕೊಂಡಾಗ ಇಡೀ ವಾರ ದಿನಕ್ಕೆರಡು ಸಲ ಬಂದು ಮಕ್ಕಳಿಗೆ ಊಟ ಮಾಡಿಸಿದ್ದು. ಕುಡಿತ ಬಿಡಿಸಲು ಒಬ್ಬನನ್ನು ತಿಂಗಳುಗಟ್ಟಲೆ ಬೆಳಗ್ಗೆ ಎಬ್ಬಿಸಿ ಕೆಲಸಕ್ಕೆ ಬಿಟ್ಟದ್ದು. ದಿನಾಂಕ, ವೇಳೆ, ಊರು ಎಲ್ಲ ಕೇಳಿ ಕೇಳಿ ಬರೆದೆ. ಒಟ್ಟು ಒಂಬತ್ತು ಹೇಳಿಕೆ.

ಒಂಬತ್ತರಲ್ಲಿ ಬಹಳ ಗಟ್ಟಿಯಾದದ್ದು ವೆಸ್ಟ್ ಕೊವಿನಾದ ಒಬ್ಬ ತಾಯಿಯದು. ಮಗ ಟೆಕ್ಸಾಸಿನಲ್ಲಿ ಕೆಲಸದಲ್ಲಿದ್ದಾನೆ ಎಂದು ಆಕೆ ಎಲ್ಲರಿಗೂ ಹೇಳಿದ್ದರು. ಅವನಿದ್ದದ್ದು ಲಾಸ್ ಏಂಜಲೀಸ್ ಕೌಂಟಿಯ ಜೈಲಿನಲ್ಲಿ. ಕೋರ್ಟಿನ ಪ್ರತಿ ವಿಚಾರಣೆಗೂ ಪಾಸ್ಟರ್ ಹೋಗಿದ್ದರು. ಪ್ರತಿ ಮಂಗಳವಾರ ಆ ತಾಯಿಯ ಮನೆಗೆ ಬಂದು ಎರಡು ಗಂಟೆ ಕೂತಿರುತ್ತಿದ್ದರು. ಕೋರ್ಟಿನ ತಾರೀಖುಗಳನ್ನು ಆಕೆ ಬಾಯಿಪಾಠ ಹೇಳಿದರು.

"ಮಗನ ಹೆಸರು ಹಾಕಬೇಕಾ?" ಎಂದು ಕೇಳಿದರು.

"ಹಾಕಿದ್ರೆ ಗಟ್ಟಿ. ಕೋರ್ಟ್ ದಾಖಲೆ ಜೊತೆ ಹೊಂದಿಸಿ ನೋಡಬಹುದು ಅವರು."

"ಬೇರೆ ಯಾರೂ ಓದಲ್ಲ ತಾನೇ?"

"ಅಧಿಕಾರಿ ಮಾತ್ರ" ಎಂದೆ. ಆಕೆ ಹೆಸರು ಹೇಳಿದರು. ನಾನು ಟೈಪ್ ಮಾಡಿದೆ.

ಬುಧವಾರದ ಹೊತ್ತಿಗೆ ಕಟ್ಟು ಸಿದ್ಧವಾಯಿತು. ಚರ್ಚಿನ ಪರವಾದ ಉತ್ತರ, ನನ್ನ ಮತ್ತು ವಕೀಲರ ಹೇಳಿಕೆ, ಒಂಬತ್ತು ಸಾಕ್ಷಿ, ಕೋರ್ಟಿನ ದಾಖಲೆ, ವ್ಯಾನಿನ ಸರ್ವೀಸ್ ರಸೀತಿಗಳಲ್ಲಿದ್ದ ಮೈಲುಗಳ ಲೆಕ್ಕ. ಅರ್ಜಿದಾರರು ಚರ್ಚಿನವರು, ಆದ್ದರಿಂದ ಕಳಿಸುವ ಮುನ್ನ ಪೂರ್ತಿ ಕಟ್ಟು ಅವರಿಗೆ ತೋರಿಸಬೇಕು. ಇಡೀ ಪಿಡಿಎಫ್ ಅನ್ನು ಅಧ್ಯಕ್ಷೆಗೆ ಇಮೇಲ್ ಮಾಡಿ, ಮೂರನೇ ಪುಟದಲ್ಲಿ ಸಹಿ ಬೇಕು ಎಂದು ಬರೆದೆ. ಇಷ್ಟು ದಿನದ ಮೇಲೆ ಮೊದಲ ಸಲ ನೆಮ್ಮದಿಯಿಂದ ಉಪವಾಸ ಮುರಿದೆ.

ಮರುದಿನ ಅಧ್ಯಕ್ಷೆಯ ಫೋನ್ ಬಂತು. ದನಿ ಬಿದ್ದುಹೋಗಿತ್ತು.

"ಸಹಿ ಆಗಿದೆ ಮಗಳೇ. ಆದರೆ ಒಂದು ತಪ್ಪು ಆಯ್ತು. ನಿನ್ನೆ ಕಮಿಟಿ ಸೇರಿತ್ತು. ಎಲ್ಲರಿಗೂ ಕೇಳಿಸೋ ಹಾಗೆ ನಾನೇ ಓದಿದೆ. ಓದ್ತಾ ಓದ್ತಾ ಸ್ವಾಹಿಲಿಯಲ್ಲಿ ಹೇಳ್ತಾ ಹೋದೆ. ಇದು ಓದಬಾರದ್ದು ಅಂತ ನನಗೆ ಗೊತ್ತಾಗೋ ಹೊತ್ತಿಗೆ ಆ ಹುಡುಗನ ಹೆಸರು ಬಾಯಿಂದ ಹೊರಗೆ ಬಂದಿತ್ತು."

ನಾನು ಕಿರುಚಿದೆ. "ಎಲ್ಲಾ ಪುಟ ಓದಿ ಅಂತ ಯಾರು ಹೇಳಿದ್ರು ನಿಮಗೆ? ಮೂರನೇ ಪುಟ ಅಂತ ಬರ್ದಿದ್ನಲ್ಲಾ!"

"ಎಲ್ಲರೂ ಸೇರಿ ಓದದೆ ಸಹಿ ಹಾಕಿದ್ದಕ್ಕೇ ತಾನೇ ಮಗಳೇ ಇಷ್ಟೆಲ್ಲಾ ಆಗಿದ್ದು?"

ಎಲ್ಲ ಕಾಗದವನ್ನೂ ಸೇರಿಯೇ ನೋಡುತ್ತೇವೆ ಎಂದು ಅವರು ಹೇಳಿದ್ದರು. ಮೂವತ್ತೆರಡು ಪತ್ರಗಳಲ್ಲಿ ಅದನ್ನು ಕಣ್ಣಾರೆ ನೋಡಿಯೂ ಇದ್ದೆ. ಸಾಕ್ಷಿಗಳನ್ನು ಬೇರೆ ಲಕೋಟೆಯಲ್ಲಿಟ್ಟು, ಅಧ್ಯಕ್ಷೆಯೊಬ್ಬರನ್ನೇ ಕರೆಸಿ ತೋರಿಸಿದ್ದರೆ ಮುಗಿಯುತ್ತಿತ್ತು. ಮೊದಲ ಸಲವೂ ಈ ಜನ ಹೇಗೆ ಕೆಲಸ ಮಾಡುತ್ತಾರೆ ಎಂದು ಕೇಳಲಿಲ್ಲ, ಎರಡನೇ ಸಲವೂ ಕೇಳಲಿಲ್ಲ.

ಕಳಿಸಲು ಎರಡು ದಿನವಿತ್ತು. ಆ ತಾಯಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಅವರಿಗೆ ಆಗಲೇ ತಿಳಿದಿತ್ತು. ಕಮಿಟಿಯ ಹೆಂಗಸರಿಬ್ಬರು ಸಮಾಧಾನ ಹೇಳಲು ಫೋನ್ ಮಾಡಿದ್ದರಂತೆ. ನಿಮ್ಮ ಹೇಳಿಕೆಯನ್ನು ಕಟ್ಟಿನಿಂದ ತೆಗೆಯುತ್ತೇನೆ ಎಂದೆ.

"ಈಗ ತೆಗೆದು ಏನು ಪ್ರಯೋಜನ? ಕಳಿಸಿ. ಅವರಾದರೂ ಉಳಿಯಲಿ" ಎಂದು ಫೋನ್ ಇಟ್ಟರು.

ಕಳಿಸಿದೆವು. ಐದು ತಿಂಗಳ ಮೇಲೆ ಅನುಮೋದನೆ ಬಂತು, ಒಂದೇ ಹಾಳೆ. ಯಾವ ಹೇಳಿಕೆ ನಂಬಿದರು, ಯಾವುದು ಕೆಲಸಕ್ಕೆ ಬಂತು, ನಮ್ಮ ತಪ್ಪೊಪ್ಪಿಗೆಯನ್ನು ಯಾರಾದರೂ ಓದಿದರೋ ಇಲ್ಲವೋ, ಒಂದು ಅಕ್ಷರವಿಲ್ಲ. ವಕೀಲರು ಪಾಸ್ಟರ್ ಕೈ ಕುಲುಕಿ, "ನೋಡಿ, ಸತ್ಯಕ್ಕೆ ಜಯ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ನನಗೆ ಮೈ ಉರಿಯಿತು. ಪಾಸ್ಟರ್ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು ವಂದಿಸಿದರು. ಅವರ ಜೊತೆ ಪಾರ್ಕಿಂಗ್‌ವರೆಗೆ ಹೋದೆ. ಕೇಳಲು ಧೈರ್ಯ ಬರಲು ಅಷ್ಟು ದೂರ ಬೇಕಾಯಿತು.

"ವೆಸ್ಟ್ ಕೊವಿನಾದ ಆ ತಾಯಿ ಹೇಗಿದಾರೆ?"

"ಚರ್ಚಿಗೆ ಬರ್ತಿಲ್ಲ."

"ನೀವು ಮನೆಗೆ ಹೋಗ್ತೀರಾ?"

"ಪ್ರತಿ ಮಂಗಳವಾರ ಹೋಗ್ತೀನಿ. ಬೆಲ್ ಮಾಡ್ತೀನಿ. ತೆಗೆಯಲ್ಲ. ಎರಡು ಗಂಟೆ ಕೆಳಗೆ ವ್ಯಾನಲ್ಲಿ ಕೂತು ವಾಪಸ್ ಬರ್ತೀನಿ."

"ತಪ್ಪು ನಂದು ಪಾಸ್ಟರ್. ಮುಂದಿನ ಮಂಗಳವಾರ ನಾನೂ ಬರ್ತೀನಿ. ಅವರ ಹತ್ರ ನಾನೇ ಕ್ಷಮೆ ಕೇಳ್ತೀನಿ."

ಅವರು ವ್ಯಾನಿನ ಬಾಗಿಲು ತೆಗೆದು ನನ್ನ ಕಡೆ ತಿರುಗಿದರು.

"ಬೇಡ ಸಿಸ್ಟರ್. ನಾನು ಅವರ ಪಾಸ್ಟರ್, ನನ್ನನ್ನು ಹೊರಗೆ ನಿಲ್ಲಿಸಬಹುದು. ನೀವು ದೂರದಿಂದ ಬಂದ ಅತಿಥಿ. ನೀವು ಬಂದ್ರೆ ಅವರು ಬಾಗಿಲು ತೆಗೀಲೇಬೇಕು, ಚಹಾ ಕೊಡಲೇಬೇಕು, ಪರವಾಗಿಲ್ಲ ಅನ್ನಲೇಬೇಕು. ಅವರಿಂದ ಅದನ್ನೂ ತಗೋಬೇಡಿ."

ಆಮೇಲೆ ಎಷ್ಟೋ ಸಲ ಬೇರೆ ಕೆಲಸಕ್ಕೆ ಆ ದಾರಿಯಲ್ಲಿ ಹೋಗಿದ್ದೇನೆ. ವೆಸ್ಟ್ ಕೊವಿನಾದ ಎಕ್ಸಿಟ್ ಬಂದಾಗ ಲೇನ್ ಬದಲಾಯಿಸದೆ ನೇರ ಹೋಗುತ್ತೇನೆ.